ಹೆಸರು ಹಿಡಿದು ಕರದಾವ ತೋಳ

ಇಂಡಿ
ಬುಧವಾರ, ೧೧ ಡಿಸೆಂಬರ್ ೨೦೨೪

ನನ್ನ ಹಟಮಾರಿ ಮಗಳಿಗೆ,

ಅವ್ವನ ಆಶೀರ್ವಾದ. ಸಿಟ್ಟಿನ್ಯಾಗ ಬರದ್ರೂ ಆಶೀರ್ವಾದ ಪೂರ್ತಿ ಐತಿ, ಅದರಾಗ ಏನೂ ಕಡಿಮಿ ಮಾಡಿಲ್ಲ. ನಿಮ್ಮಪ್ಪ ಆರಾಮ ಅದಾರ. ಮೊಣಕಾಲು ಒಂದು ಬಿಟ್ರ ನಾನೂ ಆರಾಮ. ಈ ಪತ್ರದಾಗ ನಿನ್ನ ಹೆಸರು ಎಲ್ಲೂ ಬರಿಯೂದಿಲ್ಲ, ಯಾಕಂತ ಮುಂದ ಓದಿದ್ರ ತಿಳೀತೈತಿ. ಲಕೋಟಿ ಮ್ಯಾಲ ಬರದೇನಿ, ಅದು ಕಂಡಕ್ಟರನ ಸಲುವಾಗಿ.

ಮನಿಯಾಗ ಎರಡು ಫೋನ್ ಇಟಗೊಂಡು ಪತ್ರ ಯಾಕ ಬರದ್ಲು ಅಂತ ನೀ ಕೇಳಾಕಿ. ಫೋನಿನ್ಯಾಗ ನೀ ನನ್ನ ಮಾತು ಮುಗಿಯೂತನಕ ತಡಿಯೂದಿಲ್ಲ, ಅದಕ್ಕ. ಹತ್ತು ದಿನ ಆತು, ನಾ ಮಾಡಿದ ಒಂದು ಫೋನೂ ನೀ ಎತ್ತಿಲ್ಲ. ಪತ್ರ ನಡಬರಕ ಕಟ್ ಮಾಡಾಕ ಬರೂದಿಲ್ಲ. ಹರದ ಒಗೀಬಹುದು, ಆದ್ರ ನೀ ಸರಕಾರಿ ಆಫೀಸಿನಾಕಿ, ಕಾಗದ ಕಂಡ್ರ ಓದಿ ಫೈಲಿಗೆ ಹಾಕಾಕಿ. ನನ್ನ ಹಳೇ ವಿದ್ಯಾರ್ಥಿ ಮೈಬೂಬಗ ನಾಳೆ ಆಲಮಟ್ಟಿ ಕಡೆ ಬಸ್ಸಿನ ಡ್ಯೂಟಿ ಐತಂತ. ಅವನ ಕೈಯಾಗ ಇದನ್ನೂ, ಒಂದು ಡಬ್ಬಿ ಶೇಂಗಾ ಹೋಳಿಗಿನೂ ಕೊಟ್ಟು ಕಳಸ್ತೇನಿ. ಹೋಳಿಗಿ ರೇಣುಕಾಗ, ಪತ್ರ ನಿನಗ.

ಸೋಮವಾರ ಅಳಿಯಂದ್ರು ಫೋನ್ ಮಾಡಿದ್ರು. ಚೇತನಕುಮಾರ ಅವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಸೂದು ಬರೂದಿಲ್ಲ, ಪಾಪ. ಮೊದಲ ಹವಾ ಹೆಂಗೈತಿ ಅಂದ್ರು, ಆಮ್ಯಾಲ ಜ್ವಾಳ ಹೆಂಗೈತಿ ಅಂದ್ರು, ಕಡೀಕ ವಿಷಯಕ್ಕ ಬಂದ್ರು. ಎಳ್ಳಮವಾಸಿಗೆ ಭೂಮಿತಾಯಿಗೆ ಚರಗದ ಎಡಿ ಚೆಲ್ಲಾಕ ಹೋಗಿ ಅಗರಖೇಡದ ನಮ್ಮ ಹೊಲದಾಗ ಒಂದು ರಾತ್ರಿ ವಸ್ತಿ ಮಾಡೂದು ಅಂತ ಮಾತಾಗಿತ್ತಲ್ಲ, ಅದಕ್ಕ ರೇಣುಕಾನ್ನ ಕಳಸೂದಿಲ್ಲಂತ. ಇನ್ನ ಮ್ಯಾಲ ಆಯಿ ಕೂಡ ಅಕಿನ್ನ ಎಲ್ಲೂ ಬಿಡೂದಿಲ್ಲ ಅಂತ ನೀ ಖಡಾಖಂಡಿತ ಹೇಳಿದ್ದಿಯಂತ. ನನಗಿರಾಕಿ ಒಬ್ಬಾಕಿ ಮೊಮ್ಮಗಳು. ಅಕಿನ್ನ ನನ್ನ ಕೈಯಿಂದ ತಗದ್ರ ಈ ಮನಿಯಾಗ ನನಗ ಉಳಿಯೂದೇನು, ನಿಮ್ಮಪ್ಪನ ಕೆಮ್ಮು ಮತ್ತ ಪೇಪರಿನ ಪುರವಣಿ. ಅಕಿನ್ನ ವಾಪಸ್ ಕೇಳಾಕ ಈ ಪತ್ರ ಬರಿಯಾಕತ್ತೇನಿ. ಇದರಾಗ ಮುಚ್ಚಿಡೂದೇನಿಲ್ಲ.

ನೀ ಕೇಳಿದ್ದು ಅಳಿಯಂದ್ರ ಹಕೀಕತ್ತು, ಅದೂ ಗಾಬರಿಯಾಗ ಹೇಳಿದ್ದು. ನಂದೂ ಕೇಳು. ಮೂವತ್ತಾರು ವರ್ಷ ಸಾಲ್ಯಾಗ ಆಟ ಕಲಿಸಿದಾಕಿ ನಾ. ಆಟದ ಹಕೀಕತ್ತು ನನ್ನಷ್ಟು ಚಲೋ ಯಾರಿಗೂ ಹೇಳಾಕ ಬರೂದಿಲ್ಲ.

ನೀ ಧಾರವಾಡದ ಟ್ರೇನಿಂಗಿಗೆ ಹೋಗಿದ್ದಿ. ಅಳಿಯಂದ್ರು ಹೊಸಾ ಟೆಂಟ್ ತರಿಸಿದ್ರು. ತರಿಸಿದ್ದನ್ನ ಬಿಚ್ಚದ ಅವರಿಗೆ ನಿದ್ದಿ ಬರೂದಿಲ್ಲ ಅನ್ನೂದು ನಿನಗೂ ಗೊತ್ತು. ಅವರ ಆಫೀಸಿನ ಇನ್ನೆರಡು ಮನಿಯವ್ರು ಕೂಡಿ, ಹಿನ್ನೀರಿನ ದಂಡಿಗೆ ಒಂದು ದಿಬ್ಬದ ಬುಡಕ, ಶನಿವಾರ ಬೆಳಿಗ್ಗೆ ಹೋಗಿ ಇಳದ್ವಿ. ಒಂಬತ್ತು ಹುಡುಗ್ರು. ಮಡಚೂ ಕುರ್ಚಿ ಬಂದಿದ್ವು, ಗ್ಯಾಸ್ ಒಲಿ ಬಂದಿತ್ತು, ಹಾಡು ಹಚ್ಚೂ ಡಬ್ಬಿ ಬಂದಿತ್ತು. ಆಟದ ಸಾಮಾನಿನ ಚೀಲ ಮಾತ್ರ ಆಲಮಟ್ಟಿಯೊಳಗ ನಿಮ್ಮ ಬಾಗಲದ ಹಿಂದ ಉಳದಿತ್ತು. ಬ್ಯಾಟಿಲ್ಲ, ಚೆಂಡಿಲ್ಲ, ಹಗ್ಗಿಲ್ಲ. ಅಳಿಯಂದ್ರ ಮಾರಿ ಬಾಡಿತು. ಹುಡುಗ್ರು ಮೊಬೈಲ್ ಕೊಡ್ರಿ ಅಂತ ಶುರು ಮಾಡಿದ್ರು. ಚೀಲ ತರಾಕ ವಾಪಸ್ ಹೋಗಿ ಬರ್ತೇನಿ ಅಂತ ಅಳಿಯಂದ್ರು ಗಾಡಿ ಕೀಲಿ ಹುಡುಕಾಕತ್ರು. ನಾ ಅಂದ್ನಿ, ಕುಂದರ್ರಿ, ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ, ಹುಡುಗ್ರಿಗೆ ಕಾಲು ಅದಾವ, ಮ್ಯಾಲ ಬಿಸಲು ಐತಿ, ಮತ್ತೇನ ಬೇಕು.

ಖರೆ ಹೇಳ್ತೇನಿ, ನನಗ ಒಳಗೊಳಗ ಖುಷಿನ ಆಗಿತ್ತು. ನನ್ನ ಸರ್ವಿಸಿನ್ಯಾಗ ನಾ ಕಂಡ ಸಾಲಿಗೋಳ್ಯಾಗ ಚೆಂಡು ಅಂದ್ರ ಹೆಡ್ ಮಾಸ್ತರ ಕಪಾಟಿನ ಒಳಗ ಇರೂ ದೇವರು. ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬಂದಾಗ ದರ್ಶನ. ಉಳದ ದಿನ ನಾ ಬರೇ ಕೈಲೆ ಆಡಿಸಬೇಕಾಗಿತ್ತು, ಆಡಿಸೇನಿ. ಮೈಬೂಬ ಹಂಗ ಬೆಳದಾವ. ಈಗೂ ಓಡೂ ಬಸ್ಸಿನ್ಯಾಗ ಕೈ ಬಿಟ್ಟು ನಿಂತು ಟಿಕೇಟ ಹರೀತಾನ.

ಮೊದಲ ನೆಳ್ಳು ತುಳಿಯೂ ಆಟ ಆಡಿಸಿದ್ನಿ. ಯಾರ ನೆಳ್ಳಿನ ಮ್ಯಾಲ ಕಾಲು ಬಿತ್ತೊ ಅವ್ರು ಔಟ್. ಈ ಆಟದಾಗ ಒಂದು ನ್ಯಾಯ ಐತಿ, ನೀ ಇಂಜಿನಿಯರ್ ಇದ್ರೂ ವಿಚಾರ ಮಾಡಿರಲಿಕ್ಕಿಲ್ಲ. ಸಣ್ಣಾವರ ನೆಳ್ಳು ಸಣ್ಣದು, ಲಗೂನ ಸಿಗೂದಿಲ್ಲ. ದೊಡ್ಡಾವರದು ಉದ್ದ, ಎಲ್ಲಾರ ಕಾಲಿಗೂ ಸಿಗತೈತಿ. ಅಳಿಯಂದ್ರು ಮೂರು ಸಲ ಔಟ್ ಆದ್ರು. ಐದು ವರ್ಷದ ಒಂದು ಕೂಸು ಕಡೀತನ ಉಳೀತು, ಅದಕ್ಕ ಹೆಗಲ ಮ್ಯಾಲ ಕುಂದ್ರಿಸಿ ಮೆರವಣಿಗಿ ಮಾಡಿದ್ರು. ಬಿಸಲು ನೆತ್ತಿಗೆ ಬಂತು, ನೆಳ್ಳು ಕಾಲ ಬುಡಕ ಹೊಕ್ಕಿತು, ಆ ಆಟ ಮುಗೀತು. ಆಮ್ಯಾಲ ಗಿಡದ ಬುಡಕ ಕಣ್ಣ ಮುಚ್ಚಿ ಕುಂದ್ರಿಸಿ, ಎಷ್ಟು ಸಪ್ಪಳ ಕೇಳತಾವ ಎಣಸ್ರಿ ಅಂದ್ನಿ. ರೇಣುಕಾ ಹದಿನಾಲ್ಕು ಹೇಳಿದ್ಲು. ಅದರಾಗ ಒಂದು, ಅಪ್ಪ ಸಪ್ಪಳಿಲ್ಲದ ಚಿಪ್ಸ್ ತಿನ್ನಾಕತ್ತಾನ ಅನ್ನೂದು. ಊಟ ಆದ ಮ್ಯಾಲ ಹೆಣ್ಣಮಕ್ಕಳು ಕೈ ಕೈ ಹಿಡದು ಫುಗಡಿ ತಿರುಗಿದ್ರು, ಅದನ್ನ ನೋಡಿ ಅವರವ್ವಗೋಳೂ ತಿರುಗಿದ್ರು. ಅಳಿಯಂದ್ರ ಆಫೀಸಿನ ಸಂಜೀವಕುಮಾರ ಅವರ ಹೆಂಡತಿ ವಿಜಯಲಕ್ಷ್ಮಿ ತಲಿ ತಿರುಗಿ ಬಿದ್ದು ನಕ್ಕಳು, ಇಪ್ಪತ್ತು ವರ್ಷ ಆಗಿತ್ರಿ ಅಕ್ಕೋರ ಹಿಂಗ ಬಿದ್ದು ಅಂತ. ಮೊಬೈಲ್ ಯಾರೂ ಕೇಳಲಿಲ್ಲ. ಇದನ್ನ ಅಳಿಯಂದ್ರು ನಿನಗ ಹೇಳಿರಲಿಕ್ಕಿಲ್ಲ.

ನಾಕು ಗಂಟೇಕ ಹುಡುಗ್ರು ಇನ್ನೊಂದು, ಇನ್ನೊಂದು ಅಂತ ಸೀರಿ ಜಗ್ಗಿದ್ರು. ನಾ ತೋಳದ ಆಟ ತಗದ್ನಿ.

ಇದು ಸಾಲಿ ಆಟ ಅಲ್ಲ, ನಮ್ಮ ಹಟ್ಟಿ ಆಟ. ನಮ್ಮಪ್ಪ ಗುರಣ್ಣ ಕುರಿ ಹೊಡಕೊಂಡು ಮುದ್ದೇಬಿಹಾಳದ ಕಡೆಯಿಂದ ಸಿಂದಗಿ, ಸಿಂದಗಿಯಿಂದ ಭೀಮಾ ದಂಡಿ ತನಕ ಹೊಂಟ್ರ ನಾವು ಹುಡುಗ್ರೂ ಬೆನ್ನ ಹತ್ತಿ ಹೋಗತಿದ್ವಿ. ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ನೀವು ಈಗ ಹೌಸಿಲೆ ಮಾಡೂ ಕ್ಯಾಂಪಿಂಗ್ ನಾವು ಹೊಟ್ಟಿಪಾಡಿಗೆ ಮಾಡತಿದ್ವಿ. ಕುರಿ ತರಬಿ ಹಿರ್ಯಾರು ಅಡಗಿಗೆ ಹತ್ತಿದ್ರ ನಮಗ ಈ ಆಟ. ಒಬ್ಬಾವ ತೋಳ, ಒಬ್ಬಾವ ಕುರಿಗಾರ, ಉಳದವ್ರು ಮರಿ. ಮರಿಗೋಳು ಅಡಗತಾವ. ತೋಳ ಹುಡುಕೂದಿಲ್ಲ, ಕರೀತೈತಿ. ಹೆಸರು ಹಿಡದು ಕರೀತೈತಿ, ಅವ್ವನ ದನಿ ತಗೀತೈತಿ, ಬೆಲ್ಲ ಕೊಡ್ತೇನಿ ಅಂತೈತಿ, ಹಾವು ಬಂತು ಓಡು ಅಂತೈತಿ, ಅಳತೈತಿ. ಓ ಅಂದ ಮರಿ ಸತ್ತಂಗ. ಹೆಸರು ಹಿಡಿದು ಕರದಾವ ತೋಳ, ಇದ ನೇಮ. ಕುರಿಗಾರ ಹೆಸರು ಹಿಡಿಯೂದಿಲ್ಲ. ಹಟ್ಟಿ ನಡಕ ನಿಂತು, ಎರಡೂ ಕೈ ಎತ್ತಿ, ತೋಳ ಹೋತು, ಹಟ್ಟಿಗಿ ಬರ್ರಿ ಅಂತ ಮೂರು ಸಲ ಕೂಗತಾನ. ಅಲ್ಲೀತನಕ ಮರಿ ಉಸರು ಬಿಡಬಾರದು. ಅಡವ್ಯಾಗ ಬೆಳಿಯೂ ಮಕ್ಕಳಿಗೆ ಇದಕ್ಕಿಂತ ಚಲೋ ಪಾಠ ಇಲ್ಲ. ಈಗಿನ ಕಾಲಕ್ಕೂ ಇಲ್ಲ ಅಂತೇನಿ ನಾ.

ಅಳಿಯಂದ್ರು ತೋಳ ಆದ್ರು, ನಾ ಕುರಿಗಾರ. ಮೊದಲ ಆಟ ಸುರಳೀತ ನಡೀತು. ಐದು ಮರಿ ಸತ್ವು, ನಾಕು ಉಳದ್ವು, ನಾ ಕೂಗಿದ್ನಿ, ಬಂದ್ವು. ಎರಡನೇ ಆಟಕ್ಕ ಎಲ್ಲಾ ಅಡಗಿದ್ರು. ನಾ ಒಲಿಗೆ ನಾಕು ಕಟಿಗಿ ಆರಿಸಿಕೊಂಡು ಬರಾಕ ದಿಬ್ಬದ ಹಿಂದ ಹೋದ್ನಿ.

ಅಲ್ಲಿಂದ ಮುಂದಿಂದು ನಾ ಕಂಡಿದ್ದಲ್ಲ, ವಿಜಯಲಕ್ಷ್ಮಿ ಹೇಳಿದ್ದು. ಅಳಿಯಂದ್ರು ಒಂದೊಂದ ಹೆಸರು ಹಿಡದು ಕರದು ಎಂಟು ಹುಡುಗ್ರನ್ನ ಹೊರಗ ತಗದ್ರು. ಐಸ್‌ಕ್ರೀಮ್ ಅಂದ ಕೂಡ್ಲೆ ಮೂರು ಓಡಿ ಬಂದ್ವಂತ. ಅಷ್ಟೊತ್ತಿಗೆ ಭಜಿ ಎಣ್ಣಿಗೆ ಬಿದ್ವು, ಎಲ್ಲಾರೂ ಆ ಕಡೆ ಹೋದ್ರು. ಆಟ ತಾನ ಮುಗದಂಗಾತು. ಅರ್ಧ ತಾಸು ಆದ ಮ್ಯಾಲ ತಾಟು ಎಣಿಸುವಾಗ ವಿಜಯಲಕ್ಷ್ಮಿ ರೇಣುಕಾ ಎಲ್ಲಿ ಅಂದ್ಲು. ಕರದ್ರು, ಇಲ್ಲ. ಟೆಂಟ್ ನೋಡಿದ್ರು, ಗಾಡಿ ನೋಡಿದ್ರು, ಜಾಲಿ ಕಂಟಿ ನೋಡಿದ್ರು, ಇಲ್ಲ. ಆಮ್ಯಾಲ ನೀರಿನ ದಂಡಿಗೆ ಅಕಿ ಹಳದಿ ಚಪ್ಪಲ್ ಕಂಡಿತು. ಎರಡಲ್ಲ, ಒಂದ.

ಅಳಿಯಂದ್ರು ಅಂಗಿ ಸೈತ ಬಿಚ್ಚದ ಎದಿಮಟ ನೀರಿಗೆ ಇಳದ್ರಂತ, ಅವರಿಗೆ ಈಜಾಕ ಬರೂದಿಲ್ಲ. ಮೀನು ಹಿಡಿಯೂ ಶಮಶುದ್ದೀನ ಅಲ್ಲೇ ಬಲಿ ಒಣಗಿಸಾಕತ್ತಿದ್ದ. ಅವ ಇವರನ್ನ ಜಗ್ಗಿ ದಂಡಿಗೆ ಕುಂದ್ರಿಸಿ, ತಾ ನೀರಿಗೆ ಬಿದ್ದು ಮುಳುಗಿ ಮುಳುಗಿ ಹುಡುಕಾಕತ್ತ. ಆಗ ಅಳಿಯಂದ್ರು ನಿನಗ ಫೋನ್ ಹಚ್ಚಿದ್ರು. ಅವ್ವನ ದನಿ ಕೇಳಿದ್ರ ಎಲ್ಲಿದ್ರೂ ಬರ್ತಾಳ ಅಂತ ಫೋನಿನ ದನಿ ದೊಡ್ಡದು ಮಾಡಿ, ಅದನ್ನ ಹಾಡಿನ ಡಬ್ಬಿಗೂ ಜೋಡಿಸಿ, ದಂಡಿ ತುಂಬ ಕೇಳಿಸಿದ್ರು. ನೀ ಧಾರವಾಡದಾಗ ನಿಂತು ಮಗಳ ಹೆಸರು ಹಿಡದು ಕರದಿ, ಅತ್ತಿ, ಬೇಡಕೊಂಡಿ. ದಿನಾ ಬೆಳಿಗ್ಗೆ ಆ ನೀರಿನ ಆಳ ಅಳದು ಬರಕೊಳ್ಳಾಕಿ ನೀ. ನಿನಗ ಏನೇನು ಕಣ್ಣ ಮುಂದ ಬಂದಿತ್ತೊ ನಾ ತಿಳಕೊಳ್ಳಬಲ್ಲೆ.

ಹೊತ್ತು ಮುಳುಗಾಕ ಬಂದಾಗ ನಾ ದಿಬ್ಬ ಇಳದು ಬಂದ್ನಿ. ಹೆಂಗಸರು ಅಳಾಕತ್ತಿದ್ರು. ಏನಾತು ಅಂತ ಒಂದ ಮಾತಿನ್ಯಾಗ ತಿಳಕೊಂಡ್ನಿ. ನಾ ಗಾಬರಿ ಆಗಲಿಲ್ಲ ಅಂದ್ರ ಸುಳ್ಳಾದೀತು, ಆದ್ರ ಕಾಲು ನಿಂತು ಹೋಗಲಿಲ್ಲ. ಒಲಿ ಮುಂದ ನಡಕ ಹೋಗಿ ನಿಂತು, ಎರಡೂ ಕೈ ಎತ್ತಿ, ತೋಳ ಹೋತು, ಹಟ್ಟಿಗಿ ಬರ್ರಿ ಅಂದ್ನಿ. ಮೂರು ಸಲ ಕೂಗೂದೂ ಬೇಕಾಗಲಿಲ್ಲ. ಮಗ್ಗಲದಾಗ ಬೋರಲ ಹಾಕಿದ್ದ ಶಮಶುದ್ದೀನನ ಹರಗೋಲು ಒಂದು ಕಡೆ ಎದ್ದಿತು, ಅದರ ಬುಡಕಿಂದ ರೇಣುಕಾ ಹೊರಗ ಬಂದ್ಲು. ಮಂದಿ ಅಳಾಕತ್ತಿದ್ದ ಜಾಗಾದಿಂದ ಹತ್ತು ಹೆಜ್ಜಿ ದೂರ ಇರಲಿಲ್ಲ ಅದು. ಮೈಯೆಲ್ಲಾ ಮಣ್ಣು, ಒಂದ ಕಾಲಾಗ ಚಪ್ಪಲ್. ನೇರ ನನ್ನ ಕಡೆ ಓಡಿ ಬಂದು, ಗೆದ್ನಲ್ಲ ಆಯಿ ಅಂತ ಕೇಳಿದ್ಲು.

ಗೆದ್ದಿದ್ಲು. ಒಂದು ತಾಸು ಇಪ್ಪತ್ತು ಮಿನಿಟು, ನನ್ನ ಜೀವಮಾನದಾಗ ಆ ಆಟವನ್ನ ಅಷ್ಟು ಚಲೋ ಆಡಿದ ಮರಿನ್ನ ನಾ ಕಂಡಿದ್ದಿಲ್ಲ. ಒಂದ ಒಂದು ಬಿಟ್ರ. ಅಳಿಯಂದ್ರು ಬಂದು ಅಕಿ ಗಲ್ಲಕ್ಕ ಹೊಡದ್ರು, ಮತ್ತ ಅಕಿನ್ನ ಅಪ್ಪಿಕೊಂಡು ತಾವ ಅತ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ಅಷ್ಟು ಕರದ್ರೂ ಕೇಳಲಿಲ್ಲೇನು ಅಂತ ಅವರು ಕೇಳಿದ್ರು. ರೇಣುಕಾ ನನ್ನ ಮಾರಿ ನೋಡಿದ್ಲು. ಆಮ್ಯಾಲ, ನಿದ್ದಿ ಬಂದಿತ್ತಪ್ಪಾ, ಕೇಳಲಿಲ್ಲ ಅಂದ್ಲು.

ಮುಗೀತು. ಹುಡುಗಿ ಮಲಗಿತ್ತು, ಕೇಳಲಿಲ್ಲ. ಅವತ್ತ ಸಂಜಿಕ ಫೋನಿನ್ಯಾಗ ನಾ ನಿನಗ ಹೇಳಿದ್ದೂ ಅದನ್ನ. ನಕ್ಕೋತ ಹೇಳಿದ್ನಿ, ನಿನ್ನ ಮಗಳು ನಿನ್ನಂಗ, ನೀನೂ ಸಣ್ಣಾಕಿದ್ದಾಗ ಬಣವ್ಯಾಗ ಮಲಗಿಬಿಟ್ಟಿದ್ದಿ ಅಂತ. ಆಗ ನೀ ಒಂದ ಮಾತು ಅಂದಿ. ಹಂಗಂತ ನಾನೂ ಹೇಳಿದ್ನೆವ್ವಾ, ಅಂದಿ. ಫೋನ್ ಇಟ್ಟಿ. ಆ ಮಾತಿನ ಅರ್ಥ ಏನಂತ ನನಗ ತಿಳೀಲಿಲ್ಲ. ಅದನ್ನ ಅಲ್ಲಿಗೇ ಬಿಡೋಣ.

ಬಣವಿ ಕಥಿ ನಮ್ಮ ಮನಿಯಾಗ ಯಾರಿಗೆ ಗೊತ್ತಿಲ್ಲ. ನಿನ್ನ ಲಗ್ನದಾಗ ಬೀಗರ ಮುಂದೂ ಹೇಳಿ ನಗಿಸಿದ್ನಿ. ಅಗರಖೇಡದ ಸಾಲ್ಯಾಗ ನಾ ಇದ್ದಾಗ, ನೀ ಏಳು ವರ್ಷದಾಕಿ, ಇದ ತೋಳದ ಆಟದಾಗ ಕಣಿಕಿ ಬಣವಿ ಹೊಕ್ಕು ಮಲಗಿಬಿಟ್ಟಿದ್ದಿ. ಅತ್ತಾಗ ನಮ್ಮ ಸಾಲಿ ಹೆಣ್ಣಮಕ್ಕಳು ಖೋ ಖೋದಾಗ ತಾಲೂಕಿಗೆ ಪಹಿಲೆ ಬಂದ್ರ, ಇತ್ತಾಗ ಅಕ್ಕೋರ ಮಗಳು ನಿದ್ದಿಯಾಗ ಪಹಿಲೆ ಬಂದ್ಲು ಅಂತ ಊರೆಲ್ಲಾ ನಕ್ಕಿತ್ತು. ನೀನೂ ನಗತಿದ್ದಿ. ಈಗ್ಯಾಕ ಆ ಮಾತಿಗೆ ಸಿಟ್ಟು ಬಂತೊ ಏನೊ.

ಇಲ್ಲೀತನಕ ಬರದು ನಿಮ್ಮಪ್ಪಗ ಓದಿ ತೋರಿಸಿದ್ನಿ. ಅವರು ಚಷ್ಮಾ ತಗದು, ಎಲ್ಲಾ ಚಲೋ ಬರದಿ, ಕಟಿಗಿ ಎಷ್ಟು ತಂದಿದ್ದಿ ಹೇಳು ಅಂದ್ರು. ಮಾಸ್ತರ ಹೆಂಡತಿಯಾಗಿ ಇರೂದು ಇದ ನೋಡು, ಲೆಕ್ಕ ತಪ್ಪಿದ್ರ ಕೂಡ್ಲೆ ಕೆಂಪು ಗೆರಿ.

ಕಟಿಗಿ ತಂದಿದ್ದಿಲ್ಲ. ಗ್ಯಾಸ್ ಒಲಿ ಇತ್ತು, ಕಟಿಗಿ ಯಾರಿಗೆ ಬೇಕಿತ್ತು. ಹೊಡದ ಹಾಕಿ ಬ್ಯಾರೆ ಬರೀಬೇಕಂದ್ನಿ, ಆದ್ರ ಹೊಡದದ್ದೂ ನಿನಗ ಕಾಣತೈತಿ, ಅದಕ್ಕ ಹಂಗ ಬಿಟ್ಟೇನಿ. ದಿಬ್ಬದ ಹಿಂದ ಪುನರ್ವಸತಿ ಊರಿನ ಹೆಣ್ಣಮಕ್ಕಳು ಹುತುತು, ಅಂದ್ರ ಈಗಿನ ಕಬಡ್ಡಿ, ಆಡೂ ದನಿ ಕೇಳಿಸಿತು. ಉಸರು ಹಿಡಿಯೂದು ತಪ್ಪಾಗಿತ್ತು, ದನಿಯಾಗನ ಗೊತ್ತಾಗತಿತ್ತು. ಎರಡು ಮಿನಿಟು ನೋಡಿ ಬರೂಣಂತ ಹೋದ್ನಿ. ಅವರ ಸಾಲಿಗೆ ಆಟದ ಅಕ್ಕೋರು ಇಲ್ಲಂತ. ವಿದ್ಯಾವತಿ ಅಂತ ಒಂದು ಹುಡುಗಿ, ಕಾಲು ಎಂಥಾ ಚುರುಕು, ಆದ್ರ ಹಿಡಿತಕ್ಕ ಸಿಕ್ಕಾಗ ಹಿಂದಕ್ಕ ಜಗ್ಗತೈತಿ, ಮುಂದಕ್ಕ ಬೀಳಬೇಕು ಅನ್ನೂದು ಯಾರೂ ಕಲಿಸಿಲ್ಲ. ನಾ ಸೆರಗು ಕಟ್ಟಿ ನಡಕ ನಿಂತ್ನಿ. ಎರಡು ಮಿನಿಟು ಹೋಗಿ ಒಂದು ತಾಸು ದಾಟಿತು. ನನ್ನ ಫೋನ್ ಟೆಂಟಿನ್ಯಾಗ ಚೀಲದಾಗಿತ್ತು, ಆಟದ ಗದ್ದಲದಾಗ ದಂಡಿ ಕಡೆ ಸಪ್ಪಳ ಕಿವಿಗೆ ಬೀಳಲಿಲ್ಲ. ಹಟ್ಟಿ ನನ್ನ ತಲ್ಯಾಗ ಇರಲಿಲ್ಲ.

ಚಪ್ಪಲಿಂದೂ ಹೇಳಿಬಿಡ್ತೇನಿ, ಹೆಂಗೂ ಶುರು ಮಾಡೇನಿ. ಒಂದು ಚಪ್ಪಲ್ ಬ್ಯಾರೆ ದಿಕ್ಕಿಗೆ ಒಗದು ಬಂದ್ರ ತೋಳ ಆ ಕಡೆ ಹೋಗತೈತಿ ಅಂತ ಅಕಿ ಕಿವ್ಯಾಗ ಹೇಳಿದಾಕಿ ನಾನ. ಸಣ್ಣಾಕಿದ್ದಾಗ ನಾನೂ ಹಂಗ ಮಾಡತಿದ್ನಿ. ನಮ್ಮ ಹಟ್ಟಿ ಸುತ್ತ ಆಗ ನೀರಿರಲಿಲ್ಲ, ಕರಲು ಭೂಮಿ ಇತ್ತು. ಇಲ್ಲಿ ಮೂರು ದಿಕ್ಕಿಗೆ ನೀರು ಐತಿ ಅನ್ನೂದು ಹೇಳುವಾಗ ನನಗ ಹೊಳೀಲಿಲ್ಲ. ಇದು ನನ್ನ ತಪ್ಪು, ಪೂರಾ ನಂದು, ಹುಡುಗಿದು ಎಳ್ಳಷ್ಟೂ ಅಲ್ಲ. ಶಮಶುದ್ದೀನಗ ಮರುದಿನ ಕೈ ಮುಗದು ಹೇಳೇನಿ. ಅವ, ನನ್ನ ಹರಗೋಲು ಒಂದು ಜೀವ ಕಾದೈತಿ ಬಿಡ್ರಿ ಅಮ್ಮಾ, ಅಂದ. ಅಳಿಯಂದ್ರಿಗೂ ಹೇಳತೇನಿ, ಇನ್ನ ಹೇಳಿಲ್ಲ.

ರೇಣುಕಾ ಈಗ ಓಣ್ಯಾಗ ಆಡಾಕ ಹೋಗವಲ್ಲಳು, ಸಾಲಿಯಿಂದ ಬಂದು ಬಾಗಲದಾಗ ಕುಂದರ್ತಾಳ ಅಂತ ಅಳಿಯಂದ್ರು ಹೇಳಿದ್ರು. ಗೆದ್ದಿದ್ದಕ್ಕ ಹೊಡತ ತಿಂದ ಕೂಸು ಮತ್ತ ಆಡೂದು ಹೆಂಗ. ಅಕಿಗೆ ಯಾರರ ನೀ ಗೆದ್ದಿದ್ದಿ ಅಂತ ಹೇಳಬೇಕು. ಅದು ನಾ ಹೇಳಿದ್ರ ನಡಿಯೂದಿಲ್ಲ, ನೀ ಹೇಳಬೇಕು. ಹೇಳಿ, ಎಳ್ಳಮವಾಸಿಗೆ ಕರಕೊಂಡು ಬಾ. ಕಳಸೂದು ಬ್ಯಾಡ, ಕರಕೊಂಡು ಬಾ. ಸಜ್ಜಿ ಕಡಬು, ಎಣಗಾಯಿ, ಪುಂಡಿಪಲ್ಲೆ ಎಲ್ಲಾ ನಾ ಮಾಡ್ತೇನಿ. ಅಳಿಯಂದ್ರು ಟೆಂಟ್ ತರಲಿ, ಚೀಲ ಮತ್ತ ಮರತು ಬರಲಿ. ನಾ ಹೊಲ ಬಿಟ್ಟು ಒಂದು ಹೆಜ್ಜಿ ಕದಲೂದಿಲ್ಲ, ಬದುವಿನ ಆ ಕಡೆ ದೇಶದ ಟೀಮಿನವರ ಹುತುತು ಆಡಿದ್ರೂ ಕದಲೂದಿಲ್ಲ. ಇದು ಆಟದ ಅಕ್ಕೋರ ಮಾತು.

ಹೋಳಿಗಿ ಡಬ್ಬಿ ಖಾಲಿ ಮಾಡಿ ಮೈಬೂಬನ ಕೈಯಾಗ ಕಳಸು. ಡಬ್ಬಿ ಕೂಡ ಒಂದು ಸಾಲು ಉತ್ತರ ಬಂದ್ರ ಬ್ಯಾಡ ಅನ್ನೂದಿಲ್ಲ.

ನಿನ್ನ ಅವ್ವ
ಲಕ್ಕವ್ವ

ತಾ.ಕ. ನಿಮ್ಮಪ್ಪ ಮಲಗ್ಯಾರ. ಇದನ್ನ ಅವರಿಗೆ ಓದಿ ತೋರಿಸಿಲ್ಲ, ಇದು ನಮ್ಮಿಬ್ಬರದು.

ರೇಣುಕಾ ಮಲಗಿದ್ದಿಲ್ಲ. ಆ ಸಂಜಿಕ ಗಾಡ್ಯಾಗ ನನ್ನ ತೊಡಿ ಮ್ಯಾಲ ತಲಿ ಇಟ್ಟು, ನೀ ಫೋನಿನ್ಯಾಗ ಅಂದದ್ದನ್ನೆಲ್ಲಾ ಒಂದ ಅಕ್ಷರ ಬಿಡದ ನನಗ ಹೇಳಿದ್ಲು. ಆಮ್ಯಾಲ ಕೇಳಿದ್ಲು, ಆಯಿ, ತೋಳಕ್ಕ ಅವ್ವನ ದನಿ ಅಷ್ಟು ಬರೋಬ್ಬರಿ ಹೆಂಗ ಬಂತು ಅಂತ. ಹೊರಗ ಹೋಗಲೇನು ಅಂತ ಬಾಳ ಸಲ ಅನಿಸಿತ್ತಂತ, ಬಾಯಾಗ ಸೆರಗಿನಂಗ ಓಡಣಿ ತುರುಕಿಕೊಂಡು ಅತ್ತಿದ್ಲಂತ. ಆಯಿ ಕರೀತಾಳ ಅಂತ ಕುಂತಿದ್ಲು. ನಿನ್ನ ಮಾತು ಕೇಳಲಿಲ್ಲ ಅಂತ ನೀ ತಿಳಕೊಂಡಿದ್ರ ಅದು ತಪ್ಪು. ಅಕಿ ನನ್ನ ಮಾತು ನಂಬಿದ್ಲು. ಮಲಗಿದ್ನಿ ಅಂತ ಸುಳ್ಳು ಹೇಳಿದ್ದು ನನ್ನನ್ನ ಉಳಸಾಕ. ನಾ ಬಾಯಿ ಮುಚ್ಚಿಕೊಂಡು ನಿಂತ್ನಿ.

ನೀನೂ ಮಲಗಿದ್ದಿಲ್ಲ. ನೀ ಫೋನಿನ್ಯಾಗ ಅಂದ ಮಾತು ನನಗ ಅವತ್ತ ತಿಳದಿತ್ತು.

ಆ ಬಣವಿ ದಿನ ನೀವು ಸಣ್ಣ ಹುಡುಗ್ರು ಖೋ ಖೋ ಮೈದಾನದಾಗ ಅಡ್ಡ ಬರತಿದ್ರಿ. ನಿಮ್ಮನ್ನ ದೂರ ಮಾಡಾಕ ನಾ ತೋಳದ ಆಟ ಹೂಡಿದ್ನಿ. ಅಡಗಿ ಕುಂದರ್ರಿ, ನಾ ಕರಿಯೂತನಕ ಬರಬ್ಯಾಡ್ರಿ ಅಂದ್ನಿ. ಉಳದ ಹುಡುಗ್ರು ಬ್ಯಾಸತ್ತು ಮನಿಗೆ ಹೋದ್ರು. ನಾವು ಗೆದ್ವಿ. ಹೆಡ್ ಮಾಸ್ತರು ಎಲ್ಲಾರನ್ನೂ ಟ್ರ್ಯಾಕ್ಟರಿಗೆ ಹತ್ತಿಸಿದ್ರು, ನಾ ಎಲ್ಲಾರಕಿಂತ ಮೊದಲ ಹತ್ತಿದ್ನಿ. ಇಂಡಿಯೊಳಗ ಮೆರವಣಿಗಿ ಮುಗದು, ಯಾರೋ ಕೈಯಾಗ ಜಿಲೇಬಿ ಇಟ್ರು. ನಿನಗ ಜಿಲೇಬಿ ಅಂದ್ರ ಪ್ರಾಣ. ಆಗ ನೆನಪಾದಿ ನೀ. ಅಲ್ಲೀತನಕ ನನಗ ಮಗಳಿದ್ದಾಳ ಅನ್ನೂದು ನೆನಪಿದ್ದಿಲ್ಲ. ನಾ ತಿರುಗಿ ಬಂದು ಕೂಗಿದಾಗ ದೀಪ ಹಚ್ಚೂ ಹೊತ್ತು. ಸಾಲಿ ನೀರು ತುಂಬೂ ಅಮೀನಾಬಿ ಬಣವಿ ಸುತ್ತ ನಿನ್ನ ಹೆಸರು ಹಿಡದು ಕರದು ಕರದು ಸೋತಿದ್ಲು. ನೀ ಹೊರಗ ಬಂದಿ. ನಿನ್ನ ಗಲ್ಲದ ಧೂಳಿನ್ಯಾಗ ಕಣ್ಣೀರಿನ ಗೆರಿ ಇದ್ವು. ಹೆಡ್ ಮಾಸ್ತರು ಏನಾಗಿತ್ತು ಅಂದ್ರು. ನೀ ನನ್ನ ಮಾರಿ ನೋಡಿದಿ, ನಿದ್ದಿ ಬಂದಿತ್ರಿ ಅಂದಿ. ಏಳು ವರ್ಷದಾಕಿ. ಎಲ್ಲಾರಕಿಂತ ಮೊದಲ ನಕ್ಕಾಕಿ ನಾನ. ಮೂವತ್ತೊಂದು ವರ್ಷ ಅದ ನಗಿ ಮಾರಿಕೊಂಡು ತಿಂದೇನಿ. ಆ ಆಟವನ್ನ ರೇಣುಕಾನಷ್ಟ ಚಲೋ ಆಡಿದ ಇನ್ನೊಂದು ಮರಿ ಅಂತ ಮ್ಯಾಲ ಬರದ್ನಲ್ಲ, ಅದು ನೀ. ನನ್ನ ತಪ್ಪಾತವ್ವಾ.

ಚರಗದ ದಿನ ಕುರಿಗಾರ ನೀ ಆಗು. ರೇಣುಕಾ ತೋಳ ಆಗಲಿ, ಯಾರನ್ನ ಬೇಕಾದ್ರೂ ಹೆಸರು ಹಿಡದು ಕರೀಲಿ. ನಾ ಬಣವ್ಯಾಗ ಅಡಗತೇನಿ, ನೀ ಕರಿಯೂತನಕ ಬರೂದಿಲ್ಲ, ಎಷ್ಟು ಹೊತ್ತಾದ್ರೂ.

ಅದಕ್ಕೂ ಮೊದಲ ಹಳೇ ಆಟ ಒಂದು ಮುಗಿಸೂದೈತಿ. ಅವತ್ತು ನಾ ಓಡಿ ಬಂದು ಗಾಬರಿಯಾಗ ಒಮ್ಮೆ ಕೂಗಿದ್ನಿ ಅಷ್ಟ, ನೇಮದ ಪ್ರಕಾರ ಮೂರು ಸಲ ಕೂಗಲಿಲ್ಲ, ಕೈ ಎತ್ತಲಿಲ್ಲ. ಈಗ ಪೆನ್ನು ಕೆಳಗಿಟ್ಟು, ನಮ್ಮ ಪಡಸಾಲಿ ನಡಕ ನಿಂತು, ಎರಡೂ ಕೈ ಎತ್ತಿ ಕೂಗಿ ಬಂದು ಇದನ್ನ ಬರಿಯಾಕತ್ತೇನಿ. ನಿಮ್ಮಪ್ಪ ಎದ್ದು ಯಾರನ್ನ ಕರದಿ ಅಂತ ಕೇಳಿದ್ರು.

ತೋಳ ಹೋತು, ಹಟ್ಟಿಗಿ ಬಾ. ತೋಳ ಹೋತು, ಹಟ್ಟಿಗಿ ಬಾ. ತೋಳ ಹೋತು, ನನ್ನವ್ವಾ, ಹಟ್ಟಿಗಿ ಬಾ.